ಎಂಟು ಬಗೆಯ ಬುದ್ಧಿ, ಒಂದೇ ಬಗೆಯ ಹೊಟ್ಟೆಕಿಚ್ಚು

ಕಲ್ಕತ್ತೆಯ ಲೇಕ್ ಮಾರ್ಕೆಟ್ಟಿನ ಕಾಫಿಪುಡಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ ಅಪ್ಪಟ ಬೆಂಗಳೂರು ಕನ್ನಡದಲ್ಲಿ ಗೊಣಗುತ್ತಿದ್ದಳು. "ಒಂದೊಂದು ಮಗೂಗೂ ಯಾವ ಯಾವ ಇಂಟೆಲಿಜೆನ್ಸ್ ಎಷ್ಟೆಷ್ಟಿದೆ ಅಂತ ಬರೀಬೇಕಂತೆ ಕಣೇ. ನಂಗೇನು ಎಕ್ಸ್-ರೇ ಕಣ್ಣಿದ್ಯಾ?" ನಾನು ಮೆಲ್ಲಗೆ ಅವಳ ಭುಜ ತಟ್ಟಿ, "ಎಷ್ಟು ಕಾಲಮ್ ಅವ? ಎಂಟೋ, ಒಂಬತ್ತೋ?" ಎಂದು ಕೇಳಿದೆ. ಅವಳು ಬೆಚ್ಚಿಬಿದ್ದಳು. ಹೆಸರು ನೌಷೀನ್. ಇಲ್ಲಿನ ಶಾಲೆಯೊಂದಕ್ಕೆ ವಿಜ್ಞಾನದ ಟೀಚರಾಗಿ ಸೇರಿ ಇನ್ನೂ ಒಂದು ವರ್ಷ ತುಂಬಿಲ್ಲ. ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಮಾತು ಕೇಳುವವರು ಕಡಿಮೆಯಾಗಿದ್ದರು, ಇವಳು ಸಿಕ್ಕಿದಳು. ಈಗ ಭಾನುವಾರಗಳಂದು ಮನೆಗೆ ಬರುತ್ತಾಳೆ, ಅವಳ ಜೊತೆ ಇನ್ನಿಬ್ಬರು ಹೊಸ ಟೀಚರುಗಳೂ ಬರುತ್ತಾರೆ. "ಆಂಟಿ, ನೀವು ಹೇಳೋದನ್ನೆಲ್ಲ ಬರೆದಿಡಿ" ಎಂದವರು ಅವರೇ. ಬರೆಯುತ್ತಿದ್ದೇನೆ. ಆದರೆ ಇದರಲ್ಲಿ ಆದರ್ಶ ಶಿಕ್ಷಕಿಯನ್ನು ಹುಡುಕಬೇಡಿ. ಅವಳು ಪಕ್ಕದ ಕೋಣೆಯಲ್ಲಿದ್ದಳು. ನನ್ನ ಪಾಲಿಗೆ ಬಂದದ್ದು ಅವಳ ಮೇಲಿನ ಹೊಟ್ಟೆಕಿಚ್ಚು.

ನಾನು ಧಾರವಾಡದವಳು. ಗಂಡನ ನೌಕರಿಯ ಬೆನ್ನು ಹತ್ತಿ ಕಲ್ಕತ್ತೆಗೆ ಬಂದು, ಅವರ ವರ್ಗದ ಆದೇಶ ಬಂದಾಗಲೂ ಅಲುಗದೆ, ಅವರನ್ನೂ ಅಲುಗಲು ಬಿಡದೆ ಇಲ್ಲೇ ಉಳಿದುಬಿಟ್ಟೆ. ನಗರದ ದಕ್ಷಿಣದ ಕಡೆಯ ಒಂದು ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆಯ ಹೆಸರು ಬೇಡ. ಆ ಕಾಲದಲ್ಲಿ ಅಲ್ಲಿ ಎ ಸೆಕ್ಷನ್ ಎಂದರೆ ಗಣಿತ ಬರುವವರು, ಬಿ ಎಂದರೆ ಸುಮಾರಾಗಿ ಬರುವವರು, ಸಿ ಎಂದರೆ ಚೆನ್ನಾಗಿ ಹಾಡುವವರು. ಈ ಕೊನೆಯದು ನಾನೇ ಮಾಡಿದ ತಮಾಷೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ಯಾರು ಯಾವ ಸೆಕ್ಷನ್ನಿಗೆ ಹೋಗಬೇಕೆಂದು ಹೇಳುವ ಅಧಿಕಾರ ನನಗಿತ್ತು, ಹಾಗಾಗಿ ನನ್ನ ತಮಾಷೆಗೆ ನಗುವುದು ಅವರಿಗೂ ಒಳ್ಳೆಯದಿತ್ತು.

ಸರಸ್ವತಿ ಪೂಜೆಯ ದಿನ ಇಲ್ಲಿನ ಶಾಲೆಗಳಲ್ಲಿ ಮಕ್ಕಳು ತಮಗೆ ಕಷ್ಟವಾದ ವಿಷಯದ ಪುಸ್ತಕವನ್ನು ದೇವಿಯ ಕಾಲ ಬಳಿ ಇಡುತ್ತಾರೆ. ಆ ದಿನ ಓದುವಂತಿಲ್ಲ, ಮುಟ್ಟುವಂತಿಲ್ಲ. ಪ್ರತಿ ವರ್ಷವೂ ಗಣಿತದ ಪುಸ್ತಕಗಳ ರಾಶಿ ವೀಣೆಯ ಬುಡದವರೆಗೆ ಏರುತ್ತಿತ್ತು. ಉಳಿದ ಟೀಚರುಗಳು ಪುಷ್ಪಾಂಜಲಿಗೆಂದು ಕೈಮುಗಿದು ನಿಂತರೆ ನಾನು ಓರೆಗಣ್ಣಿನಿಂದ ಆ ರಾಶಿಯನ್ನು ನೋಡಿ ಹಿಗ್ಗುತ್ತಿದ್ದೆ. ಮಕ್ಕಳಿಗೆ ನನ್ನ ವಿಷಯದ ಭಯ ಇದೆ ಎಂದರೆ ನನ್ನ ವಿಷಯಕ್ಕೆ ತೂಕವಿದೆ ಎಂದೇ ನನ್ನ ಲೆಕ್ಕ. ಚಿತ್ರಕಲೆಯ ಪುಸ್ತಕವನ್ನು ಯಾರಾದರೂ ಭಯದಿಂದ ದೇವರಿಗೆ ಒಪ್ಪಿಸುತ್ತಾರೆಯೇ?

ಚಿತ್ರಕಲೆ ಮತ್ತು ಕರಕುಶಲದ ಟೀಚರಾಗಿ ಪಾರಮಿತಾ ಬಂದದ್ದು ಆಮೇಲೆ. ನನಗಿಂತ ಚಿಕ್ಕವಳು, ಕಾಟನ್ ಸೀರೆಯ ಅಂಚಿಗೆ ಯಾವಾಗಲೂ ಗೋಂದು ಮೆತ್ತಿಕೊಂಡೇ ಇರುತ್ತಿತ್ತು. ಅವಳ ಕೋಣೆ ನನ್ನ ತರಗತಿಯ ಪಕ್ಕದಲ್ಲೇ. ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿದ್ದರೆ ಅವಳ ಕೋಣೆಯಿಂದ ಸದಾ ಕಲಕಲ. ಮೊದಮೊದಲು ನಾನು ಗೋಡೆ ತಟ್ಟುತ್ತಿದ್ದೆ. ಅವಳು ಬಂದು, "ಸುಧಾದಿ, ಕ್ಷಮಿಸಿ" ಎನ್ನುವಳು. ಸುಧಾ ನನ್ನ ಹೆಸರು, ದಿ ಎಂದರೆ ಅಕ್ಕ. ನಾವಿಬ್ಬರೂ ಮಾತಾಡುತ್ತಿದ್ದದ್ದು ಅರ್ಧ ಬಂಗಾಳಿ, ಅರ್ಧ ಇಂಗ್ಲಿಷ್. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಶಿಕ್ಷಕರ ದಿನ ಮಕ್ಕಳು ನಮ್ಮನ್ನು ಅಣಕಿಸುವ ಆಟ ಆಡುತ್ತಿದ್ದರು. ನನ್ನ ಪಾತ್ರ ಮಾಡಿದವಳು ಕೈಯಲ್ಲಿ ಸ್ಕೇಲು ಹಿಡಿದು, "ಸ್ಟೆಪ್ ಎಲ್ಲಿ? ಸ್ಟೆಪ್ ಎಲ್ಲಿ?" ಎಂದು ವೇದಿಕೆಯ ತುಂಬ ಓಡಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಾರಮಿತಾಳ ಪಾತ್ರ ಮಾಡಿದವಳು ಏನೂ ಮಾಡಲಿಲ್ಲ. ಸುಮ್ಮನೆ ನೆಲದ ಮೇಲೆ ಕುಳಿತು, ಎದುರಿನ ಮಗುವಿನ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ಆ ದಿನ ಮನೆಗೆ ಬಂದು ಗಂಡನಿಗೆ, "ನೆಲದ ಮ್ಯಾಲ ಕೂತವ್ರಿಗೆ ಚಪ್ಪಾಳಿ, ದಿನಾ ನಿಂತು ನಿಂತು ಕಾಲು ಬಾವು ಬಂದವ್ರಿಗೆ ನಗು" ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, "ನೀನೂ ಒಂದಿನ ಕೂತು ನೋಡು" ಎಂದರು. ಇಂಥ ಗಂಡಂದಿರ ಜೊತೆ ಏನು ಮಾತಾಡುವುದು?

ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಬೊಡೊದಿ, ಅಂದರೆ ದೊಡ್ಡಕ್ಕ, ಎಂದೇ ಕರೆಯುತ್ತಿದ್ದೆವು. ಬಿಳಿಯ ಸೀರೆ, ಕಡಿಮೆ ಮಾತು, ನಿರ್ಧಾರಗಳು ಮಾತ್ರ ಗುಡುಗಿನ ಹಾಗೆ. ಒಂದು ಬೇಸಿಗೆಯಲ್ಲಿ ಅವರು ನಮ್ಮನ್ನೆಲ್ಲ ಎಸ್ಪ್ಲನೇಡಿನ ಹೋಟೆಲೊಂದರಲ್ಲಿ ನಡೆದ ತರಬೇತಿಗೆ ಕಳಿಸಿದರು. ಬುದ್ಧಿ ಎಂಬುದು ಒಂದೇ ಅಲ್ಲ, ಹಲವು ಬಗೆ ಎಂದು ಅಲ್ಲಿ ಹೇಳಿದರು. ಮಾತಿನದು, ತರ್ಕ ಮತ್ತು ಲೆಕ್ಕದ್ದು, ಆಕಾರ ಮತ್ತು ಜಾಗದ್ದು, ಮೈಯದು, ಸಂಗೀತದ್ದು, ಇತರರನ್ನು ಅರಿಯುವುದು, ತನ್ನನ್ನು ಅರಿಯುವುದು, ಗಿಡಮರ ಪ್ರಾಣಿಗಳದು. ನಾನು ಎಣಿಸಿದೆ. ಎಂಟರಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ. ಊಟದ ಹೊತ್ತಿಗೆ ಪಾರಮಿತಾ ಕಣ್ಣರಳಿಸಿಕೊಂಡು ಬಂದಳು. "ಸುಧಾದಿ, ನಾನು ಇಷ್ಟು ದಿನ ಮಾಡುತ್ತಿದ್ದುದಕ್ಕೆ ಒಂದು ಹೆಸರಿದೆಯಂತೆ!" ಅವಳ ಖುಷಿ ನೋಡಿ ನನ್ನ ತಟ್ಟೆಯ ಕಟ್ಲೆಟ್ ಅರ್ಧಕ್ಕೇ ಬಿಟ್ಟೆ.

ಎ, ಬಿ, ಸಿ ಸೆಕ್ಷನ್ನುಗಳು ರದ್ದಾದವು. ನನ್ನ ಅಧಿಕಾರವೂ ಹೋಯಿತು. ಮಾರ್ಕ್ಸ್ ಕಾರ್ಡಿನಲ್ಲಿ ಎಂಟು ಕಾಲಮ್ ಬಂದವು.

ನೌಷೀನ್, ನೀನು ಕಲಿಯಬೇಕಾದದ್ದು ಇಲ್ಲಿದೆ. ಒಳ್ಳೆಯ ವಿಚಾರವೊಂದು ಶಾಲೆಯ ಗೇಟು ದಾಟಿ ಒಳಗೆ ಬಂದ ಕೂಡಲೇ ನಾವು ಟೀಚರುಗಳು ಅದಕ್ಕೊಂದು ರ‍್ಯಾಂಕ್ ಕಟ್ಟಿಬಿಡುತ್ತೇವೆ. ಒಬ್ಬೊಬ್ಬರೂ ಬೇರೆ ಬೇರೆ ಎಂದು ತೋರಿಸಲು ಬಂದ ಎಂಟು ಕಾಲಮ್ಮುಗಳಲ್ಲಿ ನಾವು ಎಂಟು ಪ್ರಥಮ, ಎಂಟು ದ್ವಿತೀಯ ಬಹುಮಾನ ಇಟ್ಟೆವು. ಇತರರನ್ನು ಅರಿತು ಹೊಂದಿಕೊಂಡು ಹೋಗುವ ಬುದ್ಧಿಯಲ್ಲಿ ಎರಡನೆಯ ಸ್ಥಾನ ಬಂದ ಹುಡುಗಿ, ಮೊದಲ ಸ್ಥಾನ ಬಂದವಳ ಜೊತೆ ಮಾತು ಬಿಟ್ಟಳು. ಅವಳ ತಾಯಿ ಬೊಡೊದಿಯ ಕೋಣೆಯಲ್ಲಿ ಕೂಗಾಡಿ, ತಮ್ಮ ಮಗಳಷ್ಟು ಹೊಂದಿಕೊಂಡು ಹೋಗುವವರು ಇಡೀ ಓಣಿಯಲ್ಲಿ ಯಾರೂ ಇಲ್ಲ ಎಂದು ಮೇಜು ಗುದ್ದಿ ಹೇಳಿದರು. ಪ್ರಕೃತಿಯ ಬುದ್ಧಿಗೆಂದು ಸರೋವರದ ದಂಡೆಗೆ ಹಕ್ಕಿ ತೋರಿಸಲು ಕರೆದುಕೊಂಡು ಹೋದರೆ, ನನ್ನ ಹಳೆಯ ಎ ಸೆಕ್ಷನ್ನಿನ ಜಾಣೆಯರು ಪುಸ್ತಕದಿಂದ ಹಕ್ಕಿಗಳ ಹೆಸರನ್ನು ಅಕಾರಾದಿಯಾಗಿ ಬರೆದುಕೊಂಡರೇ ಹೊರತು ಒಬ್ಬಳೂ ತಲೆ ಎತ್ತಿ ಮರ ನೋಡಲಿಲ್ಲ. ತಂದೆಯೊಬ್ಬರು ನನ್ನನ್ನು ಗೇಟಿನ ಬಳಿ ತಡೆದು, "ಮಿಸ್, ತನ್ನನ್ನು ತಾನು ಅರಿಯುವುದಕ್ಕೆ ಯಾವ ಸರ್ ಹತ್ತಿರ ಟ್ಯೂಷನ್ ಒಳ್ಳೆಯದು?" ಎಂದು ಕೇಳಿದರು. ಋಷಿಗಳು ಹಿಮಾಲಯಕ್ಕೆ ಹೋಗಿ ಹುಡುಕಿದ್ದನ್ನು ಇವರು ಗೋಲ್ಪಾರ್ಕಿನ ಟ್ಯೂಷನ್ ಮನೆಗಳಲ್ಲಿ ಹುಡುಕುತ್ತಿದ್ದರು. ಈ ಗೊಂದಲವನ್ನೆಲ್ಲ ನೋಡಿ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ನೆಲದ ಮೇಲೆ ಕೂರುವವರ ವಿದ್ಯೆ ಇಷ್ಟೇ ಎಂದುಕೊಳ್ಳುತ್ತಿದ್ದೆ.

ಸಂತೋಷ ಬಹಳ ದಿನ ಉಳಿಯಲಿಲ್ಲ. ನನ್ನ ಮಗಳು ಚಂದನಾ ಅದೇ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬಂದಿದ್ದಳು. ಅವಳಿಗೆ ಗಣಿತ ಬರುತ್ತಿರಲಿಲ್ಲ.

ಗಣಿತದ ಟೀಚರಿನ ಮಗಳಿಗೆ ಗಣಿತ ಬರುವುದಿಲ್ಲ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಬಿಸ್ಕತ್ತಿನ ಹಾಗೆ ಓಡಾಡುತ್ತಿತ್ತು. ಸಂಜೆ ಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದೆ. ಅವಳು ಉತ್ತರ ಹೇಳುವಳು, ಎಷ್ಟೋ ಸಲ ಸರಿಯಾಗಿಯೇ ಹೇಳುವಳು, ಆದರೆ ಹೇಗೆ ಬಂತೆಂದು ಬರೆಯಲು ಹೇಳಿದರೆ ಪೆನ್ನು ಕಚ್ಚುತ್ತ ಕೂರುವಳು.

"ಅಮ್ಮಾ, ನಂಗ ಕಾಣಸ್ತದ. ಬಟ್ ಬರೀಲಿಕ್ಕೆ ಬರಂಗಿಲ್ಲ."

"ಕಾಣಸ್ತದ ಅಂದ್ರೇನು? ಲೆಕ್ಕ ಏನು ಟಿವಿ ಏನ? ಸ್ಟೆಪ್ ಎಲ್ಲೆ?"

ಅಷ್ಟಾದ ಮೇಲೆ ಅಳು. ಪಕ್ಕದ ಕೋಣೆಯಿಂದ ನನ್ನ ಯಜಮಾನರು, "ಹಿತ್ತಲ ಗಿಡ ಮದ್ದಲ್ಲ ಅಂತಾರ. ಬ್ಯಾರೆ ಯಾರಿಗಾದ್ರೂ ಹೇಳ್ಕೊಡ್ಲಿಕ್ಕೆ ಹೇಳು" ಎನ್ನುವರು. ಊರ ಮಕ್ಕಳೆಲ್ಲ ನನ್ನ ಹತ್ತಿರ ಕಲಿಯಲು ಬರುವಾಗ ನನ್ನ ಮಗಳನ್ನು ಇನ್ನೊಬ್ಬರ ಬಾಗಿಲಿಗೆ ಕಳಿಸಬೇಕೇ? ನನಗೆ ಒಪ್ಪಿಗೆಯಾಗಲಿಲ್ಲ.

ಆ ವರ್ಷ ಬೊಡೊದಿ ಹೊಸ ನಿಯಮವೊಂದನ್ನು ತಂದರು. ತರ್ಕ ಮತ್ತು ಲೆಕ್ಕದ ಕಾಲಮ್ಮಿನಲ್ಲಿ ಕೆಳಗಿನ ದರ್ಜೆ ಬಂದವರಿಗೆ ಹನ್ನೊಂದನೆಯ ತರಗತಿಯಲ್ಲಿ ಗಣಿತ ಕೊಡುವುದಿಲ್ಲ, ಅವರವರ ಬುದ್ಧಿಗೆ ಒಗ್ಗುವ ಬೇರೆ ವಿಷಯ ಕೊಡುತ್ತೇವೆ ಎಂದರು. ಮಕ್ಕಳ ಒಳ್ಳೆಯದಕ್ಕೇ ಎಂದರು. ಚಂದನಾಳ ಕಾಲಮ್ ತುಂಬಬೇಕಾದವಳು ನಾನು. ಊರ ಮಕ್ಕಳಿಗೊಂದು ನ್ಯಾಯ, ಮನೆಯ ಮಗಳಿಗೊಂದು ನ್ಯಾಯ ಮಾಡುವವಳಲ್ಲ. ಕೆಳಗಿನ ದರ್ಜೆ ಬರೆದೆ. ಬರೆದಾದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿಯೂ ಹೇಳಿದೆ. ಎಲ್ಲರೂ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಪಾರಮಿತಾ ಮಾತ್ರ ಹೊಗಳಲಿಲ್ಲ. ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದಳು.

"ಸುಧಾದಿ, ಚಂದನಾಗೆ ಗಣಿತ ಸಿಗದಿದ್ದರೆ ಅವಳು ಆರ್ಕಿಟೆಕ್ಚರ್ ಓದುವುದು ಹೇಗೆ?"

"ಆರ್ಕಿಟೆಕ್ಚರ್? ಯಾರು ಹೇಳಿದ್ದು ನಿನಗೆ?"

"ಅವಳೇ. ಎರಡು ವರ್ಷದಿಂದ ಹೇಳುತ್ತಿದ್ದಾಳಲ್ಲ." ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಮನೆಯಲ್ಲಿ ಹೇಳಿಲ್ಲವೇ?"

ಹೇಳಿರಲಿಲ್ಲ. ಒಂದೇ ಸೂರಿನಡಿ ಮಲಗುವ ಮಗಳ ಕನಸನ್ನು ಕಾರಿಡಾರಿನಲ್ಲಿ ಪರರ ಬಾಯಿಂದ ಕೇಳಿದೆ. ಮಕ್ಕಳು ಅವಳ ಚೀಲ ಹೊರುತ್ತಾರೆ, ಶರತ್ಕಾಲದಲ್ಲಿ ಪಾರಿಜಾತ ಆರಿಸಿ ತಂದು ಅವಳ ಮೇಜಿನ ಮೇಲೆ ಇಡುತ್ತಾರೆ, ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. "ನೀನು ಕತ್ತರಿ, ಗೋಂದು ನೋಡಿಕೋ. ನನ್ನ ಮಗಳನ್ನು ನಾನು ನೋಡಿಕೊಳ್ಳುತ್ತೇನೆ" ಎಂದೆ.

ಪಾರಮಿತಾ ಮೆತ್ತಗಿನವಳೇ, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ನೇರ ಬೊಡೊದಿಯ ಹತ್ತಿರ ಹೋದಳು. ಕೆಳಗಿನ ದರ್ಜೆ ಬಂದ ಎಲ್ಲ ಮಕ್ಕಳಿಗೂ ಇನ್ನೊಂದು ಪರೀಕ್ಷೆ ಇಡಿ, ಪ್ರಶ್ನೆ ಸುಧಾದಿಯೇ ಕೊಡಲಿ, ಆದರೆ ಮಕ್ಕಳು ಕಾಗದ, ಕತ್ತರಿ, ದಾರ, ಏನು ಬೇಕಾದರೂ ಬಳಸಲಿ, ಬಾಯಲ್ಲಿ ಹೇಳಲಿ ಎಂದಳಂತೆ. ಬೊಡೊದಿ ನನ್ನನ್ನು ಕರೆಸಿದರು.

"ಗಣಿತದ ಪರೀಕ್ಷೆಗೆ ಕತ್ತರಿಯೇ? ದರ್ಜಿ ಅಂಗಡಿ ಇಡೋಣವೇ ಬೊಡೊದಿ?" ಎಂದೆ.

ಅವರು ಕನ್ನಡಕ ಒರೆಸಿಕೊಂಡು, "ಪ್ರಶ್ನೆ ಕಷ್ಟದ್ದೇ ಕೊಡು" ಎಂದರು. ಅಷ್ಟೇ. ನಾನು ಹಟದಿಂದ ಕಷ್ಟದ್ದೇ ಕೊಟ್ಟೆ.

ವೃತ್ತಾಕಾರದ ಹಾಳೆಯೊಂದರಲ್ಲಿ ಕಾಲು ಭಾಗ ಕತ್ತರಿಸಿ ತೆಗೆದು, ಉಳಿದ ಮುಕ್ಕಾಲನ್ನು ಸುತ್ತಿ ಶಂಕು ಮಾಡಿದರೆ, ಆ ಶಂಕುವಿನ ಬಾಯಿಯ ತ್ರಿಜ್ಯ ಎಷ್ಟು, ಎತ್ತರ ಎಷ್ಟು? ನನ್ನ ಜಾಣೆಯರು ಸೂತ್ರ ಹಾಕಿ ಉತ್ತರ ತರುತ್ತಿದ್ದ ಲೆಕ್ಕ. ಆದರೆ ಯಾವ ಉದ್ದ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅವರೂ ತಡವರಿಸುತ್ತಿದ್ದರು.

ಚಂದನಾಳ ಸರದಿ ಬಂದಾಗ ಬೊಡೊದಿ ಮಧ್ಯದಲ್ಲಿ, ನಾನು ಎಡಕ್ಕೆ, ಪಾರಮಿತಾ ಬಲಕ್ಕೆ ಕುಳಿತಿದ್ದೆವು. ಮಗಳು ನನ್ನ ಕಡೆ ನೋಡಲೇ ಇಲ್ಲ. ಹಾಳೆ ಕತ್ತರಿಸಿದಳು, ಸುತ್ತಿದಳು, ಝಾಲ್‌ಮುಡಿ ಎಂಬ ಖಾರದ ಚುರುಮುರಿ ಮಾರುವವನು ಪೊಟ್ಟಣ ಹಿಡಿಯುವ ಹಾಗೆ ಎಡಗೈಯಲ್ಲಿ ಹಿಡಿದಳು. "ಹೊರಗಿನ ಅಂಚು ಈಗ ಬಾಯಿಯ ಸುತ್ತಳತೆ ಆಯಿತು. ಮುಕ್ಕಾಲು ಅಂಚು ಉಳಿದಿದೆ, ಹಾಗಾಗಿ ತ್ರಿಜ್ಯವೂ ಮೊದಲಿನ ಮುಕ್ಕಾಲು. ಹಳೆಯ ತ್ರಿಜ್ಯ ಎಲ್ಲೂ ಹೋಗಿಲ್ಲ, ಇಲ್ಲಿ ಓರೆಯಾಗಿ ಮಲಗಿದೆ." ಶಂಕುವಿನ ಮೈಮೇಲೆ ಬೆರಳಾಡಿಸಿದಳು. ಆಮೇಲೆ ಒಳಗೊಂದು ಪೆನ್ಸಿಲು ನೆಟ್ಟಗೆ ನಿಲ್ಲಿಸಿ, "ಇದು ಎತ್ತರ. ಇಲ್ಲೊಂದು ಲಂಬಕೋನ ತ್ರಿಭುಜ ಇದೆ, ಕಾಣುತ್ತದಲ್ಲ?" ಎಂದಳು.

ಕಾಣುತ್ತಿತ್ತು. ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದ ತ್ರಿಭುಜ ಕಾಗದದ ಪೊಟ್ಟಣದೊಳಗೆ ನಿಂತಿತ್ತು. ಬೊಡೊದಿ ಆ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಪಾರಮಿತಾಳ ಕಣ್ಣಲ್ಲಿ ನೀರು. ಟಿಫಿನ್ ಬಿಡುವಿನಲ್ಲಿ ಅವಳ ಕೋಣೆಯಲ್ಲಿ ಚಂದನಾಗೆ ದಿನವೂ ಈ ಬಗೆಯ ಅಭ್ಯಾಸ ನಡೆಯುತ್ತಿತ್ತೆಂದು ಆಮೇಲೆ ಗೊತ್ತಾಯಿತು. ನನ್ನ ತರಗತಿಯ ಗೋಡೆಯ ಆಚೆಗೇ!

ಮಗಳಿಗೆ ಗಣಿತ ಸಿಕ್ಕಿತು. ಇನ್ನೂ ಕೆಲವು ಮಕ್ಕಳಿಗೆ ಸಿಕ್ಕಿತು. ಆ ಕಾಲಮ್ಮಿನ ನಿಯಮವನ್ನು ಬೊಡೊದಿ ಮುಂದಿನ ವರ್ಷ ಕಿತ್ತುಹಾಕಿದರು. ತಾಯಿಯಾದವಳು ಕುಣಿದಾಡಬೇಕಿತ್ತು. ಸಂತೋಷ ಆಗಲಿಲ್ಲವೆಂದಲ್ಲ, ಆದರೆ ಅದಕ್ಕಿಂತ ಮೊದಲು ಬೇರೆಯದೇ ಆಯಿತು. ಮಗಳು ನನ್ನವಳು, ಲೆಕ್ಕ ನನ್ನದು, ಉತ್ತರ ಮಾತ್ರ ಪಾರಮಿತಾಳದು. ನಾನು ಗೋಡೆ ತಟ್ಟಿ ಸುಮ್ಮನಾಗಿಸುತ್ತಿದ್ದ ಗದ್ದಲದಲ್ಲಿ ನನ್ನ ಮಗಳ ದನಿಯೂ ಇತ್ತು.

ಆಮೇಲೆ ನಾನೂ ತರಗತಿಗೆ ಕಾಗದ, ಕತ್ತರಿ ಒಯ್ಯತೊಡಗಿದೆ. ಪಾರಮಿತಾಳನ್ನು ಮೀರಿಸಬೇಕೆಂಬ ಹಟವೇ ಅದಕ್ಕೆ ಕಾರಣ. ಮೊದಲ ದಿನ ಮಕ್ಕಳು ನನ್ನ ಕೈಯಲ್ಲಿ ಕತ್ತರಿ ನೋಡಿ ಹೆದರಿದರು. ಘನದ ಮಾದರಿ ಮಾಡಲು ಹೋಗಿ ನಾನೇ ಒಂದು ಮುಖ ಕಡಿಮೆ ಕತ್ತರಿಸಿದ್ದೆ, ಮುಚ್ಚಳವಿಲ್ಲದ ಡಬ್ಬಿಯಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಟಿಫಿನ್ ಇಡಬಹುದು" ಎಂದಳು. ಕ್ಲಾಸಿನಲ್ಲಿ ಅಂಥ ನಗು ಅದೇ ಮೊದಲು. ಕೆಲವು ಮಕ್ಕಳಿಗೆ ಕಾಗದದಿಂದ ತಿಳಿಯಿತು. ಕೆಲವರಿಗೆ ಅದರಿಂದಲೂ ತಿಳಿಯಲಿಲ್ಲ, ಹಾಡಿನ ಲಯದಲ್ಲಿ ಹೇಳಿದರೆ ನೆನಪಿಟ್ಟರು. ಇನ್ನು ಕೆಲವರಿಗೆ ಹಳೆಯ ಹಾಗೆ ಹಲಗೆಯ ಮೇಲೆ ಸಾಲು ಸಾಲಾಗಿ ಬರೆದರೇ ಸರಿ, ಅವರ ಮುಂದೆ ಕತ್ತರಿ ಹಿಡಿದರೆ ಮುಖ ಸಿಂಡರಿಸುತ್ತಿದ್ದರು. ಇದನ್ನು ಹೇಳುವುದೇಕೆಂದರೆ, ಹೊಸ ಟೀಚರುಗಳಾದ ನೀವು ಕಪ್ಪುಹಲಗೆಯನ್ನು ತಿರಸ್ಕಾರದಿಂದ ನೋಡುತ್ತೀರಿ. ಅದೂ ಕೆಲವರ ಕಣ್ಣಿಗೆ ಬೆಳಕೇ. ಎಂಟು ಡಬ್ಬಿಗಳಲ್ಲಿ ಮಕ್ಕಳನ್ನು ತುಂಬಬೇಡಿ. ತುಂಬಿದರೆ ನನ್ನ ಹಳೆಯ ಮೂರು ಡಬ್ಬಿಗಳಿಗೆ ಬೈಯುವ ಹಕ್ಕು ನಿಮಗಿರುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಲು ಕಲಿತೆ, ಚೆನ್ನಾಗಿಯೇ ಕಲಿತೆ. ಆದರೂ ಶರತ್ಕಾಲದ ಹೂವು ಪಾರಮಿತಾಳ ಮೇಜಿಗೇ ಹೋಗುತ್ತಿತ್ತು.

ಚಂದನಾ ಆರ್ಕಿಟೆಕ್ಟ್ ಆದಳು. ಕಳೆದ ಚಳಿಗಾಲದಲ್ಲಿ ಅವಳು ಸ್ವತಂತ್ರವಾಗಿ ಮಾಡಿದ ಮೊದಲ ಕಟ್ಟಡ ತೆರೆಯಿತು. ನಗರದ ಹೊರಗಿನ ಒಂದು ಪ್ರಾಥಮಿಕ ಶಾಲೆಯ ಪುಟ್ಟ ಗ್ರಂಥಾಲಯ. ಕಿಟಕಿಗಳೆಲ್ಲ ಮಕ್ಕಳು ಕೂತಾಗ ಹೊರಗೆ ಕಾಣುವಷ್ಟು ಕೆಳಗೆ. ದೊಡ್ಡವರು ಬಗ್ಗಿ ನೋಡಬೇಕು. ನನ್ನನ್ನೂ ಪಾರಮಿತಾಳನ್ನೂ ಒಂದೇ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳು. ಆ ಶಾಲೆಯವರು ಬಂದು ಕೈಮುಗಿದಾಗ ಮಗಳು ಪಾರಮಿತಾಳ ತೋಳು ಹಿಡಿದು, "ಇವರು ನನ್ನ ಟೀಚರ್" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವರು ನನ್ನ ಅಮ್ಮ" ಎಂದಳು. ಎಲ್ಲರೂ ಎಷ್ಟು ಚಂದ ಎಂದರು. ಟೀಚರಿಗೆ ಹೂವಿನ ಗುಚ್ಛ ಬಂತು, ಅಮ್ಮನಿಗೆ ಕುರ್ಚಿ ಬಂತು.

ಅಲ್ಲಿ ನಾನು ನಗುತ್ತಲೇ ಇದ್ದೆ. ಬರುವಾಗ ಪಾರಮಿತಾಳನ್ನು ಲೇಕ್ ಗಾರ್ಡನ್ಸಿನಲ್ಲಿ ಇಳಿಸಿದೆವು. ಅವಳು ಕಿಟಕಿಯೊಳಗೆ ಕೈಹಾಕಿ ನನ್ನ ಕೈ ಒತ್ತಿ, "ಮಗಳೆಂದರೆ ಹೀಗಿರಬೇಕು ಸುಧಾದಿ" ಎಂದು ಹೇಳಿ ಹೋದಳು. ಟ್ಯಾಕ್ಸಿ ತಿರುವು ದಾಟುವವರೆಗೂ ತಡೆದುಕೊಂಡೆ, ಆಮೇಲೆ ಆಗಲಿಲ್ಲ.

"ಚಂದೂ, ನಾನೂ ನಿನಗ ಕಲಿಸೇನಲ್ಲ? ಅಲ್ಲೆ ಒಂದು ಮಾತು ಅನ್ನಬಹುದಿತ್ತು."

ಅವಳ ಕನ್ನಡ ಎಂದೂ ಸಲೀಸಲ್ಲ, ಒಂದೊಂದೇ ಮಾತು ಹುಡುಕಿ ಹೇಳಿದಳು.

"ಅಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ನೀ ಕ್ಲಾಸಿಗೆ ಕಲಿಸ್ತಿದ್ದಿ. ಅವರು ನನಗ ಕಲಿಸಿದ್ರು."

ಇಷ್ಟು ವರ್ಷ ತರಬೇತಿ, ಚರ್ಚೆ, ಎಂಟು ಕಾಲಮ್ಮು, ಬೊಡೊದಿಯ ನಿಯಮ, ಯಾವುದರಲ್ಲೂ ಯಾರೂ ಇಷ್ಟು ನೇರವಾಗಿ ನನಗೆ ಹೇಳಿರಲಿಲ್ಲ. ಮಾತು ಸರಿಯಾಗಿತ್ತು, ತಪ್ಪು ಹುಡುಕಿದೆ, ಸಿಗಲಿಲ್ಲ. ಇದನ್ನು ಹೇಳಿದಾಗ, ಮಗಳ ಬಗ್ಗೆ ಹೆಮ್ಮೆಯಾಯಿತೇ ಎಂದು ನೌಷೀನ್ ಕೇಳಿದಳು. ಆಯಿತು, ಆಮೇಲೆ, ಬಹಳ ನಿಧಾನವಾಗಿ. ಆದರೆ ಆ ಟ್ಯಾಕ್ಸಿಯಲ್ಲಿ, ಮಗಳ ಪಕ್ಕದಲ್ಲೇ ಕುಳಿತಿದ್ದಾಗ, ನನಗೆ ಪಾರಮಿತಾಳ ಮೇಲೆ ಹಿಂದೆಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು.